ಎಲೆ ಮೇಲಿನ ಬಿಳಿ ಪುಡಿಯಿಂದ ಬ್ಲ್ಯಾಕ್ ಫಂಗಸ್ ಬರುತ್ತಾ?

ಗುಲಾಬಿ ಎಲೆ ಮೇಲೆ ಪೌಡರ್ ಉದುರಿಸಿದಂಥ ಬಿಳಿ ಪುಡಿ. ಫೋಟೋ ಕೆಳಗೆ, ‘ಇದನ್ನು ಉಸಿರಾಡಿದರೆ ಬ್ಲ್ಯಾಕ್ ಫಂಗಸ್ ಗ್ಯಾರಂಟಿ, ಇಂದೇ ಗಿಡ ಕಿತ್ತೆಸೆಯಿರಿ’ ಎಂಬ ಸಾಲು. ಇಂಥ ಫಾರ್ವರ್ಡ್ ನಿಮಗೂ ಬಂದಿದ್ದರೆ ಗಿಡಕ್ಕೆ ಕೈ ಹಾಕುವ ಮೊದಲು ಇದನ್ನು ಓದಿ.

ಆ ಪುಡಿ ಫಂಗಸ್ (ಶಿಲೀಂಧ್ರ) ಎನ್ನುವಷ್ಟು ಮಾತ್ರ ನಿಜ. ರೈತರು ಇದನ್ನು ಬೂದಿ ರೋಗ ಎನ್ನುತ್ತಾರೆ. ದ್ರಾಕ್ಷಿ, ಮಾವಿನ ಹೂ, ಕುಂಬಳ, ಬಟಾಣಿ, ಹೆಸರು ಎಲ್ಲಕ್ಕೂ ಬರುತ್ತದೆ. ಕಣ್ಣಿಗೆ ಕಾಣುವುದು ಶಿಲೀಂಧ್ರದ ಎಳೆಗಳು ಮತ್ತು ಅದರ ಬೀಜಕಗಳು. ಗಾಳಿ ಬೀಸಿದರೆ ಬೀಜಕಗಳು ಪಕ್ಕದ ಗಿಡಕ್ಕೆ ಹಾರುತ್ತವೆ, ನಮ್ಮ ಮೂಗಿಗೂ ಹೋಗಬಹುದು. ಆದರೆ ಅಲ್ಲಿ ಬೆಳೆಯಲಾರವು. ಈ ಶಿಲೀಂಧ್ರಕ್ಕೆ ಜೀವಂತ ಸಸ್ಯದ ಜೀವಕೋಶವೇ ಬೇಕು. ಅದೂ ತನಗೆ ಒಗ್ಗಿದ ಸಸ್ಯ: ಗುಲಾಬಿಯ ಬೂದಿ ರೋಗ ಕುಂಬಳಕ್ಕೇ ಹತ್ತುವುದಿಲ್ಲ, ಇನ್ನು ಮನುಷ್ಯರಿಗೆಲ್ಲಿ!

ಬ್ಲ್ಯಾಕ್ ಫಂಗಸ್‌ನದು ಬೇರೆಯೇ ಗುಂಪು. ಅದರ ಬೀಜಕಗಳು ಮಣ್ಣು, ಕೊಳೆತ ಎಲೆ, ಗೊಬ್ಬರದಲ್ಲಿರುತ್ತವೆ. ಅಪಾಯ ಹೆಚ್ಚಿರುವುದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರುವವರಿಗೆ, ಹೆಚ್ಚು ಸ್ಟೀರಾಯ್ಡ್ ತೆಗೆದುಕೊಂಡವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ. ಅಂಥವರಿಗೆ ಮುಖದ ಒಂದು ಬದಿ ಊದಿಕೊಂಡರೆ ಅಥವಾ ಮೂಗಿನ ಸುತ್ತ ಕಪ್ಪಾದರೆ ಗುಲಾಬಿ ಗಿಡವನ್ನು ದೂರುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಾಗೆಂದು ಪುಡಿಯನ್ನು ಮೂಸಬೇಕಿಲ್ಲ. ಅಸ್ತಮಾ, ಅಲರ್ಜಿ ಇರುವವರಿಗೆ ಯಾವುದೇ ಶಿಲೀಂಧ್ರದ ಬೀಜಕ ಕಿರಿಕಿರಿ ಮಾಡಬಹುದು. ರೋಗದ ಎಲೆ ಕತ್ತರಿಸುವಾಗ ಮಾಸ್ಕ್ ಹಾಕಿಕೊಳ್ಳಿ.

‘ಎಲೆಗೆ ನೀರು ಬಿದ್ದರೆ ಬೂದಿ ರೋಗ ಹೆಚ್ಚುತ್ತೆ’ ಎನ್ನುವುದು ಇನ್ನೊಂದು ನಂಬಿಕೆ. ಬೇರೆ ಹಲವು ಎಲೆ ರೋಗಗಳ ವಿಷಯದಲ್ಲಿ ಅದು ಸರಿ, ಇಲ್ಲಿ ಉಲ್ಟಾ. ಈ ಬೀಜಕ ಮೊಳೆಯಲು ಎಲೆ ಒದ್ದೆಯಾಗಬೇಕಿಲ್ಲ, ಗಾಳಿಯ ತೇವ ಸಾಕು. ನೀರಲ್ಲಿ ನೆಂದರೆ ಅದಕ್ಕೇ ಕಷ್ಟ. ಹಾಗಾಗಿ ಜೋರು ಮಳೆಯಲ್ಲಿ ಕಡಿಮೆ. ಒಣ ಹಗಲು, ತಂಪು ರಾತ್ರಿ, ನೆರಳು, ಒತ್ತೊತ್ತಾದ ಗಿಡಗಳಿದ್ದರೆ ಜಾಸ್ತಿ.

ಇನ್ನು ಹಾಲು ಸಿಂಪಡಿಸುವ ಫಾರ್ವರ್ಡ್. ನಮಗೂ ಮೊದಲು ನಗು ಬಂತು, ಆದರೆ ಅದರಲ್ಲಿ ಹುರುಳಿದೆ. 1999ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟಿಯೋಲ್ ಕುಂಬಳ ಜಾತಿಯ ಝುಕಿನಿ ಗಿಡಗಳಿಗೆ ಹಾಲು ಬೆರೆಸಿದ ನೀರು ಸಿಂಪಡಿಸಿ, ಬೂದಿ ರೋಗ ತಗ್ಗುವುದನ್ನು ತೋರಿಸಿದರು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಸಾಕು. ರೋಗ ಶುರುವಾದಾಗಲೇ ಸಿಂಪಡಿಸಬೇಕು, ಎಲೆಯೆಲ್ಲ ಬಿಳಿಯಾದ ಮೇಲೆ ಲಾಭವಿಲ್ಲ. ಅಂಗಡಿಯ ಔಷಧಿ ಹೊಡೆದಿದ್ದರೆ, ಲೇಬಲ್ ಮೇಲೆ ಹೇಳಿದಷ್ಟು ದಿನ ಆ ಗಿಡದ ಕಾಯಿ ಕೀಳಬೇಡಿ.