ಡೇರೆಯ ಕೆಳಗಿನ ಮಣ್ಣು

ಅಮೆರಿಕದ ವ್ಯೋಮಿಂಗ್ ರಾಜ್ಯದಲ್ಲಿ ಗ್ರ್ಯಾಂಡ್ ಟೀಟನ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅದರ ಅತ್ಯುನ್ನತ ಶಿಖರದ ಎತ್ತರ 4,199 ಮೀಟರ್. ಪರ್ವತಸಾಲಿನ ಬುಡದಲ್ಲಿ, ಹಿಮನದಿ ಕೊರೆದ ತಗ್ಗಿನಲ್ಲಿ ಜ್ಯಾಕ್ಸನ್ ಸರೋವರ ಹರಡಿಕೊಂಡಿದೆ. ಸರೋವರದ ದಡದ ಬಳಿ ಕೋಲ್ಟರ್ ಬೇ ಎಂಬ ಬಿಡಾರವಿದೆ. ಬೇಸಿಗೆಯಲ್ಲಿ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಅಲ್ಲಿ ಏಕಕಾಲಕ್ಕೆ ಡೇರೆ ಹಾಕಬಹುದು.

ಅಂಥ ಒಂದು ಕುಟುಂಬದ ಜೊತೆ ನೀವೂ ಇದ್ದೀರಿ ಎಂದುಕೊಳ್ಳಿ. ಕಾರು ಏಕಮುಖ ರಸ್ತೆಯಲ್ಲಿ ಸಾಗಿ, ಸಂಖ್ಯೆ ಬರೆದ ಗೂಟದ ಬಳಿ ಪುಟ್ಟ ಕವಲಿಗೆ ತಿರುಗಿ ನಿಲ್ಲುತ್ತದೆ. ಪಕ್ಕದಲ್ಲೇ ಊಟದ ಮೇಜು, ಬೆಂಕಿ ಹಾಕಲು ನೆಲಕ್ಕೆ ಕೂರಿಸಿದ ಕಬ್ಬಿಣದ ಬಳೆ, ಡೇರೆಗೆ ಸಮತಟ್ಟಾದ ಜಾಗ ಇವೆ. ಪಕ್ಕದ ಬಿಡಾರ ಪೊದೆಗಳ ಮರೆಯಲ್ಲಿದೆ. ಇವೆಲ್ಲ ಪ್ರವಾಸಿಗರ ಅನುಕೂಲಕ್ಕೆಂದು ಮಾಡಿದ ಏರ್ಪಾಡು ಎಂದು ನಿಮಗೆ ಅನ್ನಿಸಬಹುದು. ಆದರೆ ಈ ವಿನ್ಯಾಸದ ಮೂಲದಲ್ಲಿ ಇರುವುದು ಸಸ್ಯರೋಗ ವಿಜ್ಞಾನಿಯೊಬ್ಬರು ಮರಗಳ ಬೇರಿನ ಬಗ್ಗೆ ಪಟ್ಟ ಆತಂಕ!

ಕಾರು ಕಾಡಿಗೆ ಬಂದಾಗ

ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಯೆಲ್ಲೋಸ್ಟೋನ್ 1872ರಲ್ಲಿ ಸ್ಥಾಪನೆಯಾಯಿತು. ಆಗ ಅಲ್ಲಿಗೆ ಹೋಗಬೇಕಾದರೆ ರೈಲು, ಕುದುರೆಗಾಡಿಗಳೇ ಗತಿ. 1915ರ ಆಗಸ್ಟ್‌ನಲ್ಲಿ ಕಾರುಗಳಿಗೂ ಪ್ರವೇಶ ದೊರೆಯಿತು. ಮಧ್ಯಮ ವರ್ಗದ ಕುಟುಂಬಗಳು ಪಾತ್ರೆ, ಹಾಸಿಗೆ, ಡೇರೆಗಳನ್ನು ಕಾರಿಗೆ ಹೇರಿಕೊಂಡು ಬರತೊಡಗಿದವು. ನೀರು, ನೆರಳು ಕಂಡಲ್ಲಿ ಕಾರು ನಿಲ್ಲುತ್ತಿತ್ತು. ಒಂದೆಡೆ ನೆಲ ದೂಳೆದ್ದರೆ ಮುಂದಿನ ಹಸಿರಿಗೆ ಹೋಗುವುದು. ಹೀಗೆ ಹುಲ್ಲು ಅಳಿಯಿತು, ಪೊದೆಗಳು ಮುರಿದವು, ಎಳೆಯ ಸಸಿಗಳು ಚಕ್ರಕ್ಕೆ ಸಿಕ್ಕವು.

ಕ್ಯಾಲಿಫೋರ್ನಿಯದಲ್ಲಿ ಕೆಲಸ ಮಾಡುತ್ತಿದ್ದ ಎಮಿಲಿಯೊ ಮೈನೆಕೆ (1869–1957) ಅಮೆರಿಕದ ಕೃಷಿ ಇಲಾಖೆಯ ಸಸ್ಯರೋಗ ತಜ್ಞರು. 1920ರ ದಶಕದಲ್ಲಿ ಅವರು ಸೆಕೋಯ ರಾಷ್ಟ್ರೀಯ ಉದ್ಯಾನದ ದೈತ್ಯ ಮರಗಳ ತೋಪುಗಳನ್ನು ಪರಿಶೀಲಿಸಿದರು. ಅಲ್ಲಿ ಅವರು ಗುರುತಿಸಿದ ಅಪಾಯ ಶಿಲೀಂಧ್ರವೂ ಅಲ್ಲ, ಕೀಟವೂ ಅಲ್ಲ. ಮರವನ್ನು ನೋಡಲು ಬಂದವರ ಕಾಲು ಮತ್ತು ಕಾರಿನ ಚಕ್ರಗಳು!

ಮಣ್ಣಿನೊಳಗೆ ಏನಾಗುತ್ತದೆ?

ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧ ಭಾಗ ಮಾತ್ರ ಘನವಸ್ತು. ಉಳಿದ ಅರ್ಧ ಗಾಳಿ, ನೀರು ತುಂಬಿದ ರಂಧ್ರಗಳು. ಮೇಲಿನಿಂದ ಒತ್ತಡ ಬಿದ್ದಾಗ ಮೊದಲು ಕುಸಿಯುವುದು ದೊಡ್ಡ ರಂಧ್ರಗಳು. ಮಳೆನೀರು ಒಳಗಿಳಿಯುವುದೂ ಗಾಳಿ ಆಡುವುದೂ ಮುಖ್ಯವಾಗಿ ಇವುಗಳ ಮೂಲಕವೇ. ಅವು ಮುಚ್ಚಿದರೆ ನೀರು ಮೇಲೆಯೇ ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಬೇರುಗಳೂ ಉಸಿರಾಡುತ್ತವೆ ಎಂಬುದನ್ನು ನೆನಪಿಡಿ. ಆಮ್ಲಜನಕ ಸಾಲದಾದಾಗ ನೀರು, ಲವಣಗಳನ್ನು ಹೀರುವ ಎಳೆಯ ಬೇರುಗಳು ಸೊರಗುತ್ತವೆ. ಅಷ್ಟು ಎತ್ತರದ ಸೆಕೋಯ ಮರದ ಬೇರುಗಳೂ ಹೆಚ್ಚು ಆಳಕ್ಕೆ ಇಳಿಯದೆ ಅಗಲಕ್ಕೆ ಹರಡಿರುತ್ತವೆ. ದೊಡ್ಡ ಮರ ಕೂಡಲೇ ಸಾಯುವುದಿಲ್ಲ. ಆದ್ದರಿಂದಲೇ ಹಾನಿ ಕಣ್ಣಿಗೆ ಬೀಳುವುದು ತಡ. ಗಟ್ಟಿನೆಲದಲ್ಲಿ ಹೊಸ ಸಸಿಯಂತೂ ಏಳುವುದೇ ಕಷ್ಟ.

ನಕ್ಷೆಯಲ್ಲಿ ಪರಿಹಾರ

1932ರಲ್ಲಿ ಮೈನೆಕೆ ಬಿಡಾರಗಳ ನೀತಿಯನ್ನು ಕುರಿತು ಒಂದು ಕಿರುಹೊತ್ತಗೆ ಬರೆದರು. ಜನರನ್ನು ತಡೆಯಬೇಕೆಂದು ಅವರು ಹೇಳಲಿಲ್ಲ. ಅವರ ಓಡಾಟಕ್ಕೆ ದಾರಿ ಗೊತ್ತುಮಾಡಬೇಕೆಂದರು. ರಸ್ತೆ ಏಕಮುಖವಾದರೆ ಕಿರಿದಾಗಿದ್ದರೂ ಸಾಕು. ಪ್ರತಿ ಕಾರಿಗೂ ಒಂದು ಕವಲು ಬೇಕು. ಅದರಾಚೆ ಚಕ್ರ ಹೋಗದಂತೆ ಬಂಡೆಯನ್ನೋ ದಿಮ್ಮಿಯನ್ನೋ ಇಡಬೇಕು. ಮೇಜು ಮತ್ತು ಒಲೆ ಕದಲದಂತಿರಬೇಕು, ಏಕೆಂದರೆ ಜನ ಹೆಚ್ಚು ತುಳಿಯುವುದು ಅವುಗಳ ಸುತ್ತಲೇ. ಸ್ವಲ್ಪ ನೆಲ ಗಟ್ಟಿಯಾದರೂ ಉಳಿದದ್ದು ಉಳಿಯುತ್ತದೆ.

ಆರ್ಥಿಕ ಕುಸಿತದ ಆ ಕಾಲದಲ್ಲಿ ನಿರುದ್ಯೋಗಿ ಯುವಕರಿಗೆಂದು ಸರ್ಕಾರ ರಚಿಸಿದ ಸಂರಕ್ಷಣಾ ದಳ (1933–42) ದೇಶದುದ್ದಕ್ಕೂ ಇದೇ ಮಾದರಿಯ ಬಿಡಾರಗಳನ್ನು ನಿರ್ಮಿಸಿತು. ಯುದ್ಧಾನಂತರ ಪ್ರವಾಸಿಗರ ಸಂಖ್ಯೆ ಏರಿದಾಗ ‘ಮಿಷನ್ 66’ ಎಂಬ ಹತ್ತು ವರ್ಷಗಳ ಯೋಜನೆ (1956–66) ಬಂತು. ನಾವು ಮೊದಲು ನೋಡಿದ ಕೋಲ್ಟರ್ ಬೇ ಆ ಕಾಲದ ಕೂಸು.

ಮೈನೆಕೆಯವರ ಎಣಿಕೆಗೆ ಮುಂದೆ ಪುರಾವೆ ದೊರೆಯಿತು. ಅಮೆರಿಕ–ಕೆನಡಾ ಗಡಿಯ ಸರೋವರಗಳ ದಡದಲ್ಲಿ ದೋಣಿಯಾತ್ರಿಕರು ತಂಗುತ್ತಿದ್ದ ತಾಣಗಳನ್ನು ಫ್ರಿಸೆಲ್ ಮತ್ತು ಡಂಕನ್ ಅಧ್ಯಯನ ಮಾಡಿ 1965ರಲ್ಲಿ ವರದಿ ಪ್ರಕಟಿಸಿದರು. ಅಲ್ಪ ಬಳಕೆಯ ತಾಣಗಳಲ್ಲೂ ನೆಲದ ಹಸಿರು ಹೊದಿಕೆಯ ಬಹುಪಾಲು ಹೋಗಿತ್ತು. ಅಂದರೆ ಮೊದಮೊದಲ ತುಳಿತವೇ ಹೆಚ್ಚು ಹಾನಿಕರ. ಹಾಗಾಗಿ ನೂರು ಕಡೆ ಒಂದೊಂದು ದಿನ ತಂಗುವುದಕ್ಕಿಂತ ಒಂದೇ ಕಡೆ ನೂರು ದಿನ ತಂಗುವುದು ಕಾಡಿಗೆ ಮೇಲು.

ಆದರೂ ನಕ್ಷೆಯಿಂದ ಎಲ್ಲವೂ ಸರಿಹೋಗಲಿಲ್ಲ. 1967ರ ಆಗಸ್ಟ್‌ನಲ್ಲಿ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಎರಡು ಬೇರೆ ಬೇರೆ ತಾಣಗಳಲ್ಲಿ, ಒಂದೇ ರಾತ್ರಿ, ಇಬ್ಬರು ಯುವತಿಯರನ್ನು ಗ್ರಿಜ್ಲಿ ಕರಡಿಗಳು ಕೊಂದವು. ಒಂದು ತಾಣ ಸರೋವರದ ದಡದಲ್ಲೇ ಇತ್ತು. ಮನುಷ್ಯರ ಆಹಾರ, ಕಸದ ರುಚಿ ಕರಡಿಗಳಿಗೆ ಹತ್ತಿತ್ತು. ಇಂದು ಇಂಥ ಬಿಡಾರಗಳಲ್ಲಿ ಕಾಣುವ, ಕರಡಿ ತೆರೆಯಲಾಗದ ಉಕ್ಕಿನ ಪೆಟ್ಟಿಗೆಗಳ ಹಿಂದೆ ಈ ಬಗೆಯ ಕಹಿ ಪಾಠಗಳಿವೆ. ಇನ್ನು ಸೆಕೋಯ ಉದ್ಯಾನದ ಮುಖ್ಯ ತೋಪಿನಿಂದ ಬಿಡಾರಗಳನ್ನು 1970ರ ದಶಕದ ಆರಂಭದಲ್ಲಿ ತೆಗೆಯಲಾಯಿತು. 1990ರ ದಶಕದ ಕೊನೆಯಲ್ಲಿ ಇನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನೂ ಕೆಡವಲಾಯಿತು. ಕೆಲವು ಕಡೆ ಜನರ ಓಡಾಟಕ್ಕೆ ದಾರಿ ಹಾಕಿದರೆ ಸಾಲದು, ಬಿಡಾರವೇ ದೂರ ಸರಿಯಬೇಕು.

ನೀವೇ ಮಾಡಿ ನೋಡಿ

ಎರಡೂ ತುದಿ ತೆಗೆದ ಒಂದು ಡಬ್ಬಿ ತೆಗೆದುಕೊಳ್ಳಿ (ಅಂಚು ಹರಿತ, ಎಚ್ಚರ). ಶಾಲೆಯ ಆವರಣದಲ್ಲಿ ಎಲ್ಲರೂ ನಡೆದಾಡುವ ಕಾಲುದಾರಿಯಲ್ಲಿ ಅದನ್ನು ಎರಡು ಸೆಂಟಿಮೀಟರ್ ಆಳಕ್ಕೆ ಒತ್ತಿ, ಒಂದು ಲೋಟ ನೀರು ಸುರಿದು, ಅದು ಇಂಗಲು ಹಿಡಿಯುವ ಸಮಯ ಗುರುತಿಸಿ. ಪಕ್ಕದಲ್ಲೇ ಯಾರೂ ತುಳಿಯದ, ಅದೇ ಬಗೆಯ ಮಣ್ಣಿನಲ್ಲೂ ಹಾಗೆಯೇ ಮಾಡಿ. ಎರಡು ಅಂಕಿಗಳನ್ನೂ ತರಗತಿಯ ಕರಿಹಲಗೆಯ ಮೇಲೆ ಬರೆಯಿರಿ. ನಂತರ ಆವರಣದ ಮರಗಳ ಬುಡಕ್ಕೆ ಹೋಗಿ, ಯಾವ ಮರದ ಕೆಳಗೆ ವಾಹನ ನಿಲ್ಲುತ್ತದೆ ಎಂದು ನೋಡಿ. ಒಂದೆರಡು ಕಲ್ಲುಗಳನ್ನು ಎಲ್ಲಿ ಇಡಬೇಕೆಂಬುದು ನಿಮಗೇ ಹೊಳೆಯುತ್ತದೆ.