ಒಳಗಾಳಗ ಮತ್ತು ಕಲೆಯ ನೆನಪು: ಗಂಗರ ಕಲ್ಲುಗಳು, ಮೈಸೂರಿನ ಭಿತ್ತಿಗಳು, ಇಂಗ್ಲೆಂಡಿನ ಚಿತ್ರಗಳು

1. ಪ್ರವೇಶ

ಹೊರಗಿನ ಶತ್ರುವನ್ನು ಗೆದ್ದ ಕಥೆಯನ್ನು ಕಲ್ಲಿನಲ್ಲಿ ಕಡೆಯಿಸಲು, ಗೋಡೆಯ ಮೇಲೆ ಬರೆಸಲು ಯಾವ ಅರಸುಮನೆಯೂ ಹಿಂಜರಿದಿಲ್ಲ. ಒಂದೇ ನಾಡಿನವರು ಎರಡು ಪಾಳೆಯವಾಗಿ ಕಾದಾಡಿದಾಗ ಕಲಾವಿದನ ಕೆಲಸ ಕಷ್ಟವಾಗುತ್ತದೆ. ಗೆದ್ದವನೂ ಸೋತವನೂ ಒಂದೇ ಮನೆಯವರು. ಸತ್ತವರ ಮಕ್ಕಳು ನಾಳೆ ಅದೇ ಊರಿನಲ್ಲಿ ಬಾಳಬೇಕು. ಹೀಗಿರುವಾಗ ಕಲೆ ಏನನ್ನು ತೋರಿಸುತ್ತದೆ, ಏನನ್ನು ಬಿಡುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಲು ಮೈಸೂರು–ನಂಜನಗೂಡು ಹೆದ್ದಾರಿಯ ಮೇಲಿನ ತಾಂಡವಪುರದ ಸುತ್ತಲಿನ ಸೀಮೆ ತಕ್ಕ ಜಾಗ. ದಕ್ಷಿಣಕ್ಕೆ ಕಪಿಲೆಯ ದಡದಲ್ಲಿ ನಂಜನಗೂಡಿದೆ, ಅದರ ಸಮೀಪದಲ್ಲೇ ಮೈಸೂರಿನ ದಳವಾಯಿಗಳ ಮೂಲಸ್ಥಾನವಾದ ಕಳಲೆ. ಹೊಳೆ ಕೆಳಗೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಗಂಗರ ರಾಜಧಾನಿ ತಲಕಾಡು. ಹತ್ತನೆಯ ಶತಮಾನದಲ್ಲಿ ಗಂಗವಾಡಿಯನ್ನು ಕಲಕಿದ ದಾಯಾದಿ ಕಲಹವನ್ನೂ ಹದಿನೆಂಟನೆಯ ಶತಮಾನದಲ್ಲಿ ಮೈಸೂರಿನ ಅರಸನಿಗೂ ಅವನ ಹೆಸರಿನಲ್ಲಿ ಅಧಿಕಾರ ನಡೆಸಿದವರಿಗೂ ಆದ ಹೋರಾಟವನ್ನೂ ಈ ಸೀಮೆ ಕಂಡಿದೆ. ಹೋಲಿಕೆಗಾಗಿ ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್ ಮತ್ತು ಪಾರ್ಲಿಮೆಂಟಿನ ನಡುವಿನ ಅಂತರ್ಯುದ್ಧದ ಚಿತ್ರಗಳನ್ನು ತೆಗೆದುಕೊಂಡಿದ್ದೇನೆ. ನನ್ನ ವಾದ ಇಷ್ಟು: ಒಳಗಾಳಗವನ್ನು ನೆನೆಯುವ ಕಲೆ ಸಾಮಾನ್ಯವಾಗಿ ಕಾಳಗವನ್ನೇ ಮುಂದಿಡುವುದಿಲ್ಲ, ನಿಷ್ಠೆಯನ್ನು ಮುಂದಿಡುತ್ತದೆ. ಯಾರ ನಿಷ್ಠೆ ಎಂಬುದನ್ನು ತೀರ್ಮಾನಿಸುವವರು ಆ ಕಲೆಯನ್ನು ಮಾಡಿಸಿದವರು.

2. ಇಂಗ್ಲೆಂಡ್: ಎರಡು ಪಕ್ಷಗಳಿಗೂ ಒಂದೊಂದು ಗೋಡೆ

1642ರ ಜನವರಿ 4ರಂದು ಚಾರ್ಲ್ಸ್ ದೊರೆ ಐವರು ಸದಸ್ಯರನ್ನು ಸೆರೆಹಿಡಿಯಲು ಕಾಮನ್ಸ್ ಸಭೆಗೆ ತಾನೇ ನುಗ್ಗಿದ. ಅವರೆಲ್ಲಿ ಎಂದು ಕೇಳಿದಾಗ, ಸಭೆಯ ಅಪ್ಪಣೆಯಿಲ್ಲದೆ ತಾನು ನೋಡಲಾರೆ, ನುಡಿಯಲಾರೆ ಎಂಬರ್ಥದ ಉತ್ತರವನ್ನು ಸ್ಪೀಕರ್ ಲೆಂಟಾಲ್ ಕೊಟ್ಟ. ಅದೇ ವರ್ಷದ ಆಗಸ್ಟಿನಲ್ಲಿ ದೊರೆ ನಾಟಿಂಗ್‌ಹ್ಯಾಮಿನಲ್ಲಿ ಯುದ್ಧಧ್ವಜ ನೆಟ್ಟ. ಎಡ್ಜ್‌ಹಿಲ್, ಮಾರ್ಸ್ಟನ್ ಮೂರ್, ನೇಸ್ಬಿ ಕದನಗಳಾದ ಮೇಲೆ 1649ರ ಜನವರಿ 30ರಂದು ದೊರೆಯ ಶಿರಚ್ಛೇದವಾಯಿತು.

ಆ ಕಾಲದ ಆಸ್ಥಾನ ಕಲೆ ಈ ಯುದ್ಧವನ್ನು ಚಿತ್ರಿಸಿದ್ದು ಕಡಿಮೆ. ದೊರೆಯ ಮೆಚ್ಚಿನ ಚಿತ್ರಕಾರ ವ್ಯಾನ್ ಡೈಕ್ ಯುದ್ಧ ಆರಂಭವಾಗುವ ಮೊದಲೇ, 1641ರ ಡಿಸೆಂಬರಿನಲ್ಲಿ, ತೀರಿಕೊಂಡಿದ್ದ. ಅವನ ನಂತರ ವಿಲಿಯಂ ಡಾಬ್ಸನ್ ಆಕ್ಸ್‌ಫರ್ಡಿನಲ್ಲಿ ದೊರೆಯ ಪಕ್ಷದವರ ಭಾವಚಿತ್ರಗಳನ್ನು ಬರೆದ. ಯುದ್ಧದ ಬಿಸಿ ನೇರವಾಗಿ ತಟ್ಟುವುದು ಅಗ್ಗದ ಕರಪತ್ರಗಳ ಮರದಚ್ಚಿನ ಚಿತ್ರಗಳಲ್ಲಿ. ಅವುಗಳಲ್ಲಿ ಮತ್ತೆಮತ್ತೆ ಬರುವುದು ಒಂದು ನಾಯಿ. ದೊರೆಯ ಸೋದರಳಿಯ ರೂಪರ್ಟ್ ರಾಜಕುಮಾರನ ‘ಬಾಯ್’ ಎಂಬ ಬಿಳಿ ನಾಯಿಯನ್ನು ಮಾಟದ ಪ್ರಾಣಿಯೆಂದು ಸಾರುವ ಕರಪತ್ರಗಳು ಹೊರಟವು. 1644ರಲ್ಲಿ ಮಾರ್ಸ್ಟನ್ ಮೂರ್ ಕದನದಲ್ಲಿ ಅದು ಸತ್ತಾಗ ಅದರ ಸಾವೂ ಅಚ್ಚಾಯಿತು.

ದೊಡ್ಡ ಚಿತ್ರಗಳು ಬಂದದ್ದು ಸುಮಾರು ಇನ್ನೂರು ವರ್ಷಗಳ ಮೇಲೆ. 1834ರ ಬೆಂಕಿಯಲ್ಲಿ ಸುಟ್ಟ ವೆಸ್ಟ್‌ಮಿನ್‌ಸ್ಟರ್ ಅರಮನೆಯನ್ನು ಮತ್ತೆ ಕಟ್ಟುವಾಗ, ಪಿಯರ್ಸ್ ಕಾರಿಡಾರಿನ ಎರಡು ಗೋಡೆಗಳಿಗೆ ಚಾರ್ಲ್ಸ್ ವೆಸ್ಟ್ ಕೋಪ್ ಎಂಬ ಚಿತ್ರಕಾರ ಎಂಟು ಭಿತ್ತಿಚಿತ್ರಗಳನ್ನು ಬರೆದ. ದೊರೆ ಧ್ವಜ ನೆಡುವ ದೃಶ್ಯ ಒಂದು ಕಡೆ, ಸ್ಪೀಕರ್ ಲೆಂಟಾಲ್ ದೊರೆಯೆದುರು ಸಭೆಯ ಹಕ್ಕನ್ನು ಕಾಯುವ ದೃಶ್ಯ ಇನ್ನೊಂದು ಕಡೆ. ದೊರೆಯ ಪಕ್ಷದವರು ಬೇಸಿಂಗ್ ಹೌಸ್ ಕೋಟೆಮನೆಯನ್ನು ಉಳಿಸಿಕೊಳ್ಳಲು ಹೋರಾಡಿದರೆ, ಲಂಡನ್ನಿನ ನಾಗರಿಕ ಪಡೆ ಗ್ಲಾಸ್ಟರಿನ ನೆರವಿಗೆ ಹೊರಡುತ್ತದೆ. ಎರಡೂ ಪಕ್ಷಗಳ ವಾರಸುದಾರರು ಕೂತು ಮಾತಾಡುವ ಕಟ್ಟಡದಲ್ಲಿ ಎರಡಕ್ಕೂ ಸಮಪಾಲು ಕೊಡಲೇಬೇಕಿತ್ತು. ಎಂಟು ಚಿತ್ರಗಳಲ್ಲಿ ಬಯಲು ಕದನದ ದೃಶ್ಯ ಒಂದೂ ಇಲ್ಲ. ಹೊರಡುವುದು, ಬೀಳ್ಕೊಡುವುದು, ಹೂಳುವುದು, ಜಗ್ಗದೆ ನಿಲ್ಲುವುದು ಇವೇ ಆಯ್ದ ವಸ್ತುಗಳು.

1878ರಲ್ಲಿ ವಿಲಿಯಂ ಫ್ರೆಡರಿಕ್ ಯೇಮ್ಸ್ ಬರೆದ ಪ್ರಸಿದ್ಧ ಚಿತ್ರ ಲಿವರ್‌ಪೂಲಿನ ವಾಕರ್ ಗ್ಯಾಲರಿಯಲ್ಲಿದೆ. ತಿಳಿನೀಲಿ ರೇಷ್ಮೆಯುಡುಪಿನ ಹುಡುಗ ಮಣೆಯ ಮೇಲೆ ನಿಂತಿದ್ದಾನೆ. ಮೇಜಿನ ಆಚೆ ಪಾರ್ಲಿಮೆಂಟಿನ ಪಕ್ಷದ ಅಧಿಕಾರಿಗಳು ಅವನನ್ನು ಪ್ರಶ್ನಿಸುತ್ತಿದ್ದಾರೆ: ನಿನ್ನ ಅಪ್ಪನನ್ನು ಕೊನೆಯ ಸಲ ನೋಡಿದ್ದು ಯಾವಾಗ? ಅವನ ಹಿಂದೆ ಅಳುತ್ತಿರುವ ಪುಟ್ಟ ಹುಡುಗಿ, ದೂರದಲ್ಲಿ ಉಸಿರು ಬಿಗಿಹಿಡಿದ ತಾಯಿ. ಸುಳ್ಳು ಹೇಳಿದರೆ ಸತ್ಯಕ್ಕೆ ದ್ರೋಹ, ನಿಜ ಹೇಳಿದರೆ ಅಪ್ಪನಿಗೆ ದ್ರೋಹ. ನೇಸ್ಬಿಯ ಬಯಲನ್ನು ಬಿಟ್ಟು ಇಡೀ ಯುದ್ಧವನ್ನು ಚಿತ್ರಕಾರ ಒಂದು ಮಗುವಿನ ನಾಲಿಗೆಯ ತುದಿಗೆ ತಂದಿದ್ದಾನೆ. ನೋಡುವವರು ಯಾವ ಪಕ್ಷದವರಾದರೂ ಮಗುವಿನ ಪರವಾಗಿಯೇ ನಿಲ್ಲುತ್ತಾರೆ.

3. ಗಂಗವಾಡಿ: ಬೇಗೂರು, ದೊಡ್ಡಹುಂಡಿ, ಆತಕೂರು

ಗಂಗರ ಶಿಲ್ಪಿಗಳಿಗೆ ಯುದ್ಧದೃಶ್ಯ ಕಡೆಯಲು ಬರುತ್ತಿರಲಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲನ್ನು ನೋಡಿದವರಿಗೆ ಇದು ಗೊತ್ತು. ಗಂಗ ಅರಸ ಎರೆಯಪ್ಪನ ಪರವಾಗಿ ಬೀರಮಹೇಂದ್ರನ ಸೇನೆಯೆದುರು ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನ ಸ್ಮಾರಕ ಅದು. ಆನೆ, ಕುದುರೆ, ಬಿಲ್ಲಾಳು, ನೆಲಕ್ಕುರುಳಿದವರು ಎಲ್ಲವೂ ಆ ಹಲಗೆಯಲ್ಲಿ ಕಿಕ್ಕಿರಿದಿವೆ. ಎದುರಾಳಿ ಹೊರಗಿನವನಾದ್ದರಿಂದ ಕಾಳಗವನ್ನು ಪೂರ್ತಿಯಾಗಿ ತೋರಿಸುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಗಂಗರ ಮನೆಯೊಳಗಿನ ಬಿರುಕು ಹಳೆಯದು. ಇಮ್ಮಡಿ ಶಿವಮಾರನನ್ನು ರಾಷ್ಟ್ರಕೂಟರು ಸೆರೆಯಲ್ಲಿಟ್ಟ ಕಾಲದಿಂದಲೂ ವಂಶ ಕವಲೊಡೆದಿತ್ತು. ಅಂಥ ಮನೆಯಲ್ಲಿ ಪಟ್ಟ ತಂದೆಯಿಂದ ಮಗನಿಗೆ ನೇರವಾಗಿ ಬಂತೆಂದು ಸಾರುವುದಕ್ಕೇ ಒಂದು ಬೆಲೆಯುಂಟು. ತಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಕಲ್ಲನ್ನು ಈ ಬೆಳಕಿನಲ್ಲಿ ನೋಡಬೇಕು. ಒಂಬತ್ತನೆಯ ಶತಮಾನದ ಈ ಕಲ್ಲು ನೀತಿಮಾರ್ಗ ಎರೆಗಂಗನ ಮರಣವನ್ನು ದಾಖಲಿಸುತ್ತದೆ. ಸಾಯುತ್ತಿರುವ ಅರಸ ಮಂಚದ ಮೇಲೆ ಒರಗಿದ್ದಾನೆ, ಸೇವಕ ಅಗರಯ್ಯ ಅವನನ್ನು ಆತು ಹಿಡಿದಿದ್ದಾನೆ, ಹಿರಿಯ ಮಗ ಸತ್ಯವಾಕ್ಯ ಹತ್ತಿರ ನಿಂತಿದ್ದಾನೆ. ಒಡೆಯನೊಂದಿಗೆ ಅಗರಯ್ಯನೂ ಕೀಳ್ಗುಂಟೆಯಾದನೆಂದು, ಅಂದರೆ ಅರಸನ ಅಡಿಯಲ್ಲಿ ಹೂಳಿಸಿಕೊಂಡು ಪ್ರಾಣ ಬಿಟ್ಟನೆಂದು ವಿದ್ವಾಂಸರು ಶಾಸನವನ್ನು ಅರ್ಥೈಸಿದ್ದಾರೆ.

ಚಿತ್ರದಲ್ಲಿ ಇರುವುದು ಮೂರೇ ಜನ, ಆದರೆ ರಾಜ್ಯದ ವ್ಯವಸ್ಥೆಯೆಲ್ಲ ಅದರಲ್ಲಿ ಅಡಗಿದೆ. ಹೋಗುವವನು ಒಬ್ಬ, ಬರುವವನು ಒಬ್ಬ, ಇಬ್ಬರ ನಡುವೆ ಪ್ರಾಣವನ್ನೇ ಒತ್ತೆಯಿಟ್ಟ ಆಳು ಒಬ್ಬ. ಅರಸ ರಣದಲ್ಲಿ ಸಾಯದೆ ಮಂಚದ ಮೇಲೆ ಮಗನ ಎದುರಿನಲ್ಲೇ ಸಾಯುತ್ತಾನೆ. ಉತ್ತರಾಧಿಕಾರ ಸುಸೂತ್ರವಾಗಿ ನಡೆಯಿತೆಂದು ಈ ದೃಶ್ಯ ಸಾಕ್ಷಿ ನುಡಿಯುತ್ತದೆ. ದಾಯಾದಿಗಳಿರುವ ಮನೆಯಲ್ಲಿ ಇದು ಬರಿಯ ಶೋಕಚಿತ್ರವಲ್ಲ, ಹಕ್ಕುಪತ್ರವೂ ಹೌದು.

ಎರಡು ತಲೆಮಾರು ಕಳೆಯುವಷ್ಟರಲ್ಲಿ ಈ ಸಾಕ್ಷಿಯ ಅಗತ್ಯ ಎಷ್ಟಿತ್ತೆಂಬುದು ತಿಳಿಯಿತು. ಎರೆಯಪ್ಪನ ಮಗ ರಾಚಮಲ್ಲನನ್ನು ಅವನ ತಮ್ಮ ಇಮ್ಮಡಿ ಬೂತುಗ ಕೊಂದು ಗಂಗವಾಡಿ ತೊಂಬತ್ತಾರು ಸಾಸಿರವನ್ನು ಕೈಗೆ ತೆಗೆದುಕೊಂಡ. ಅವನ ಬೆನ್ನಿಗೆ ರಾಷ್ಟ್ರಕೂಟರಿದ್ದರು. ಮುಮ್ಮಡಿ ಕೃಷ್ಣನ ಅಕ್ಕ ರೇವಕನಿಮ್ಮಡಿ ಬೂತುಗನ ಹೆಂಡತಿ. ಗೆದ್ದ ಪಕ್ಷ ಇದನ್ನು ಹೇಗೆ ಹೇಳಿಕೊಂಡಿತು ಎಂಬುದು 940ರ ದೇವಳಿ ತಾಮ್ರಪಟದಲ್ಲಿದೆ: ಗಂಗವಾಡಿಯೆಂಬ ತೋಟದಲ್ಲಿ ರಾಚಮಲ್ಲನೆಂಬ ವಿಷವೃಕ್ಷವನ್ನು ಕಿತ್ತು ಬೂತುಗನೆಂಬ ಒಳ್ಳೆಯ ಮರವನ್ನು ಕೃಷ್ಣ ನೆಟ್ಟನೆಂಬ ರೂಪಕ ಅಲ್ಲಿ ಬರುತ್ತದೆ. ಅಣ್ಣನ ಕೊಲೆ ಅಲ್ಲಿ ತೋಟಗಾರಿಕೆಯಾಗಿದೆ.

ಸುಮಾರು ಹತ್ತು ವರ್ಷಗಳ ಮೇಲೆ, 949–50ರಲ್ಲಿ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲು ನೆಟ್ಟರು. ತಕ್ಕೋಲದಲ್ಲಿ ಕೃಷ್ಣನು ಚೋಳ ರಾಜಾದಿತ್ಯನೊಡನೆ ಕಾದಿದಾಗ ರಾಜಾದಿತ್ಯನನ್ನು ಕೊಂದವನು ಬೂತುಗ. ಅದಕ್ಕೆ ಮೆಚ್ಚುಗೆಯಾಗಿ ಅವನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳು ಬಂದವು. ಅದೇ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬೇಕಾದುದನ್ನು ಬೇಡೆಂದಾಗ ಅವನು ಕೇಳಿದ್ದು ಒಡೆಯನ ‘ಕಾಳಿ’ ಎಂಬ ನಾಯಿಯನ್ನು. ಬೆಳತೂರಿನ ಬೆಟ್ಟದ ಬಳಿ ಆ ನಾಯಿ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಪೂಜೆ ಮಾಡುವ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪವೆಲ್ಲ ಅವನಿಗೆ ಎಂಬ ಕಟ್ಟಳೆಯನ್ನೂ ಬರೆಸಿದ.

ಈ ಕಲ್ಲಿನಲ್ಲಿ ಬರಹ ಮತ್ತು ಚಿತ್ರ ಕೆಲಸವನ್ನು ಹಂಚಿಕೊಂಡಿವೆ. ರಾಚಮಲ್ಲನ ಕೊಲೆ, ತಕ್ಕೋಲದ ಕಾಳಗ, ಬೂತುಗನಿಗೆ ಬಂದ ನಾಡುಗಳು, ಇವೆಲ್ಲ ಅಕ್ಷರದಲ್ಲಿವೆ. ಶಿಲ್ಪದಲ್ಲಿರುವುದು ಒಂದನ್ನೊಂದು ಬಿಡದೆ ಸೆಣಸುವ ನಾಯಿ, ಹಂದಿ ಮಾತ್ರ. ನಾಯಿಗೆ ನೆಟ್ಟ ಕಲ್ಲಿನಲ್ಲಿ ನಾಯಿಯಲ್ಲದೆ ಇನ್ನೇನನ್ನು ಕಡೆಯಬೇಕಿತ್ತು ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾಯಿಯ ಕಲ್ಲಿನೊಳಕ್ಕೆ ಎರಡು ರಾಜಕೀಯ ಕೊಲೆಗಳನ್ನು ಬರಹ ಎಳೆದು ತಂದಿದೆ. ಚಿತ್ರ ಅವುಗಳ ಕಡೆ ತಿರುಗಿಲ್ಲ. ಅಣ್ಣನನ್ನು ಕೊಂದ ಒಡೆಯನ ಹೆಸರು ಮೇಲಿದ್ದರೂ ಪೂಜೆ ಸಲ್ಲುವುದು ಒಡೆಯನಿಗಾಗಿ ಪ್ರಾಣ ಕೊಟ್ಟ ಪ್ರಾಣಿಗೆ. ರಕ್ತಸಂಬಂಧ ಮುರಿದು ಬಿದ್ದ ಕಾಲದಲ್ಲಿ ಜನರು ಕೈಮುಗಿಯಬಹುದಾದ ನಿಷ್ಠೆ ನಾಯಿಯಲ್ಲಿ ಉಳಿದಿತ್ತು. ರೂಪರ್ಟನ ನಾಯಿಯನ್ನು ಎದುರು ಪಕ್ಷ ಮಾಟವೆಂದು ಹಳಿಯಿತು, ಗೆದ್ದ ಪಕ್ಷ ಕಾಳಿಯನ್ನು ಪೂಜೆಗೆ ಏರಿಸಿತು. ಎರಡೂ ಕಡೆ ಮನುಷ್ಯರ ಕಲಹದ ಭಾರವನ್ನು ಹೊತ್ತದ್ದು ನಾಯಿಯೇ.

4. ಮೈಸೂರು: ನಂಜನಗೂಡಿನ ಕಾಳಗ, ದರಿಯಾ ದೌಲತ್ತಿನ ಗೋಡೆ

ಅರಸನಿಗೂ ಅಧಿಕಾರ ಹಿಡಿದವರಿಗೂ ನಡೆದ ಹೋರಾಟದ ಅರ್ಥದಲ್ಲಿ ಇಂಗ್ಲೆಂಡಿನ ಕಥೆಗೆ ಹತ್ತಿರವಾದದ್ದು ಮೈಸೂರಿನದು. ಆದರೆ ಇಲ್ಲಿ ಅರಸನಿಗೆ ಎದುರಾಗಿ ನಿಂತದ್ದು ಜನಪ್ರತಿನಿಧಿಗಳ ಸಭೆಯಲ್ಲ, ದಳವಾಯಿಗಳ ಮನೆತನ ಮತ್ತು ಸೇನೆ. ಕಳಲೆಯ ದಳವಾಯಿಗಳು ಏಳನೆಯ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗದ ಸೆರೆಗೆ ಕಳಿಸಿ, 1734ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಕೂರಿಸಿದರು. ಮುಂದೆ ಅದೇ ಅರಸ ಅಧಿಕಾರ ಮರಳಿ ಪಡೆಯಲು ಯತ್ನಿಸಿದಾಗ ದಳವಾಯಿ ಮನೆತನದ ನಂಜರಾಜಯ್ಯ ಶ್ರೀರಂಗಪಟ್ಟಣದ ಅರಮನೆಯ ಮೇಲೆಯೇ ಫಿರಂಗಿ ತಿರುಗಿಸಿದ. ಆ ನಂಜರಾಜಯ್ಯ ಕನ್ನಡ, ಸಂಸ್ಕೃತಗಳಲ್ಲಿ ಶಿವಭಕ್ತಿಯ ಕೃತಿಗಳನ್ನು ರಚಿಸಿದವನೂ ಹೌದು.

ನಂಜರಾಜಯ್ಯನನ್ನು ಬದಿಗೆ ಸರಿಸಿ ಹೈದರ್ ಅಲಿ ಮೇಲೆ ಬಂದ. 1760ರ ಆಗಸ್ಟಿನಲ್ಲಿ ಅರಮನೆಯವರೂ ಹೈದರನ ದಿವಾನನಾಗಿದ್ದ ಖಂಡೇರಾಯನೂ ಸೇರಿ ಅವನನ್ನು ಓಡಿಸಿದರು. ಮರುವರ್ಷ ಹೈದರ್ ಮರಳಿ ಬಂದಾಗ ನಂಜನಗೂಡಿನ ಬಳಿ ಕಾಳಗವಾಗಿ ಅವನಿಗೆ ಸೋಲಾಯಿತು. ಸೋತವನು ನಂಜರಾಜಯ್ಯನ ಮೊರೆಹೊಕ್ಕ, ಅವನ ಹೆಸರಿನ ಕಾಗದಗಳ ತಂತ್ರದಿಂದ ಕಟ್ಟೆಮಳಲವಾಡಿಯಲ್ಲಿ ಎದುರಾಳಿಯನ್ನು ಚದುರಿಸಿದ, 1761ರಲ್ಲಿ ರಾಜ್ಯವನ್ನೇ ಕೈಗೆ ತೆಗೆದುಕೊಂಡ. ಖಂಡೇರಾಯನ ಪಾಲಿಗೆ ಕಬ್ಬಿಣದ ಪಂಜರ ಬಂತು.

ಹೈದರನ ಮನೆತನದ ಕಲಾಪೋಷಣೆಯ ಮುಖ್ಯ ನಿದರ್ಶನ ಟಿಪ್ಪು 1784ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತ್. ಅದರ ಪಶ್ಚಿಮದ ಗೋಡೆ ತುಂಬ 1780ರ ಪೊಳ್ಳಿಲೂರು ಕಾಳಗ: ಚೌಕಾಕಾರವಾಗಿ ಮುತ್ತಿಗೆಗೊಳಗಾದ ಇಂಗ್ಲಿಷ್ ಪಡೆ, ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಗಾಡಿ. ಹಾಳಾಗಿದ್ದ ಆ ಚಿತ್ರವನ್ನು 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೆ ಬರೆಸಲಾಯಿತು. ಅದೇ ಕಟ್ಟಡದ ಇನ್ನೊಂದು ಕಡೆಯ ಭಾವಚಿತ್ರಗಳ ಸಾಲಿನಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರನ್ನೂ ಗುರುತಿಸಲಾಗಿದೆ. ಹೈದರನ ಮನೆತನ ಹೊರಗಿನವರ ಮೇಲಿನ ಗೆಲುವನ್ನು ಗೋಡೆಯ ಉದ್ದಕ್ಕೂ ಹರಡಿತು, ತಾನು ನಿಸ್ತೇಜಗೊಳಿಸಿದ ಅರಸನಿಗೆ ಹಲವು ರಾಜರ ನಡುವೆ ಒಂದು ಗೌರವದ ಚೌಕಟ್ಟು ಕೊಟ್ಟಿತು. ಬೇಗೂರು ಮತ್ತು ಆತಕೂರುಗಳ ನಡುವಿನ ಅಂತರವೇ ಇಲ್ಲಿಯೂ ಕಾಣುತ್ತದೆ.

1799ರಲ್ಲಿ ಒಡೆಯರ ಆಳ್ವಿಕೆ ಮರಳಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಸಂತಾನಾಂಬುಜ’ ಎಂಬ ಚಿತ್ರ ವಂಶವನ್ನು ತಾವರೆಯ ರೂಪದಲ್ಲಿ ಅರಳಿಸುತ್ತದೆ. ತಾವರೆಯ ಎಸಳುಗಳಲ್ಲಿ ಪೀಳಿಗೆಗೆ ಜಾಗವಿದೆ, ಕಾಳಗಕ್ಕೆ ಇಲ್ಲ. ದೊಡ್ಡಹುಂಡಿಯ ಕಲ್ಲು ಮೂರು ಆಕೃತಿಗಳಲ್ಲಿ ಮಾಡಿದ ಕೆಲಸವನ್ನು ಈ ಚಿತ್ರ ಇಡೀ ವಂಶಕ್ಕೆ ಹಬ್ಬಿಸಿದೆ.

5. ಸಮಾರೋಪ

ಮೂರು ಸಂದರ್ಭಗಳನ್ನೂ ಒಟ್ಟಿಗಿಟ್ಟರೆ ಕಾಣುವ ವ್ಯತ್ಯಾಸ ಕಾಲದ್ದಲ್ಲ, ಮಾಡಿಸಿದವರದ್ದು. ಇಂಗ್ಲೆಂಡಿನಲ್ಲಿ ಎರಡೂ ಪಕ್ಷಗಳ ವಾರಸುದಾರರಿಗೆ ಸೇರಿದ ಕಟ್ಟಡಕ್ಕಾಗಿ ಬರೆಸಿದ್ದರಿಂದ ಎರಡಕ್ಕೂ ಗೋಡೆ ಸಿಕ್ಕಿತು. ಆತಕೂರಿನಲ್ಲಿ ಕಲ್ಲು ನಿಲ್ಲಿಸಿದವನು ಗೆದ್ದವನ ಆಳು, ದರಿಯಾ ದೌಲತ್ ಕಟ್ಟಿಸಿದವನು ಗೆದ್ದವನ ಮಗ. ರಾಚಮಲ್ಲನಾಗಲಿ ಖಂಡೇರಾಯನಾಗಲಿ ಈ ಎರಡೂ ಕಡೆ ಚಿತ್ರದೊಳಗೆ ಬರಲಿಲ್ಲ. ಆದರೂ ಆತಕೂರಿನ ಕಲ್ಲಿಗೆ ಒಂದು ಹಿರಿಮೆ ಇದೆ. ಗೆದ್ದವನ ಕಲ್ಲಾಗಿದ್ದೂ ಸೋತವನ ಹೆಸರನ್ನು, ಅವನು ಯಾರ ಮಗನೆಂಬುದನ್ನು, ಹೇಗೆ ಸತ್ತನೆಂಬುದನ್ನು ಅದು ತಾಮ್ರಪಟದ ಅಲಂಕಾರವಿಲ್ಲದೆ ನೇರವಾಗಿ ಹೇಳುತ್ತದೆ.

ನಮ್ಮ ಅಧ್ಯಯನದಲ್ಲಿ ಶಾಸನತಜ್ಞರು ಪಾಠವನ್ನೂ ಕಲಾ ಇತಿಹಾಸಕಾರರು ಶಿಲ್ಪವನ್ನೂ ಬೇರೆಬೇರೆಯಾಗಿ ಓದುವ ರೂಢಿ ಬೆಳೆದಿದೆ. ಒಳಗಾಳಗದ ಸ್ಮಾರಕಗಳಿಗೆ ಈ ವಿಭಜನೆ ಸಲ್ಲದು, ಏಕೆಂದರೆ ಅಲ್ಲಿ ಬರಹ ಒಂದನ್ನು ಹೇಳಿ ಚಿತ್ರ ಇನ್ನೊಂದನ್ನು ತೋರಿಸುತ್ತದೆ, ಅರ್ಥವಿರುವುದು ಎರಡರ ನಡುವೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಊರುಗಳಲ್ಲಿ ಗುಡಿಯ ಮಗ್ಗುಲಲ್ಲೋ ಕೆರೆಯ ಏರಿಯ ಮೇಲೋ ನಿಂತಿರುವ ವೀರಗಲ್ಲುಗಳನ್ನು ಈ ಭಾಗದ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳು ಒಟ್ಟಾಗಿ, ಪಾಠ ಮತ್ತು ಶಿಲ್ಪ ಎರಡನ್ನೂ ಒಂದೇ ಹಾಳೆಯಲ್ಲಿ ದಾಖಲಿಸಲಿ. ಸುಣ್ಣ, ಬಣ್ಣ, ಸಿಮೆಂಟು ಮುಚ್ಚುವ ಮೊದಲು ಆ ಕೆಲಸ ಆಗಬೇಕು.