ಕಾಗದದ ಹೂವಿನ ಕ್ರೆಡಿಟ್ ಯಾರ ಖಾತೆಗೆ?

ಇಯರ್‌ಫೋನ್ ಹಾಕ್ಕೊಂಡ್ರಿ? ಶುರು ಮಾಡೋಣ.

ಕಲಬುರಗಿ ಬ್ಯಾಸಗಿ ಹೆಂಗಿರ್ತದ ಅಂತ ನಮ್ಮ ಮಂದಿಗೆ ಹೇಳೋದು ಬ್ಯಾಡ. 40 ಡಿಗ್ರಿ ದಾಟಿದ ಮಧ್ಯಾಹ್ನ ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ ಕಡೆ ಬರ್ರಿ. ಹೊಲ ಖಾಲಿ, ಹುಲ್ಲು ಒಣಗಿರ್ತದ. ಆದ್ರ ಯಾವುದೋ ಮನಿ ಕಂಪೌಂಡ್ ಮ್ಯಾಲ ಒಂದು ಗಿಡ ಮಾತ್ರ ಮೈತುಂಬ ಗುಲಾಬಿ ಬಣ್ಣ ಹೊತ್ತು ನಿಂತಿರ್ತದ. ಬೋಗನ್‌ವಿಲ್ಲಾ. ಕಾಗದದ ಹೂವು.

ಇದು ನಮ್ಮ ನೆಲದ ಗಿಡ ಅನ್ನಿಸ್ತದ, ಅಲ್ಲ? ಅಲ್ಲ. 1347ರಲ್ಲಿ ಕಲಬುರಗಿಯನ್ನ ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನರು ಈ ಹೂವನ್ನ ಕಂಡೇ ಇರಲಿಲ್ಲ. ಇದರ ತವರು ದಕ್ಷಿಣ ಅಮೆರಿಕ. ನಾವು ರೊಟ್ಟಿ ಜೊತೆ ತಿನ್ನೋ ಹಿಂಡಿಯೊಳಗಿನ ಶೇಂಗಾ, ಮೆಣಸಿನಕಾಯಿ ಕೂಡ ಅಮೆರಿಕ ಖಂಡಗಳ ಕಡೆಯಿಂದ ಸಮುದ್ರ ದಾಟಿ ಬಂದವು.

ಈಗ 1767ಕ್ಕೆ ಹೋಗೋಣ. ಫ್ರಾನ್ಸಿನ ಎರಡು ಹಡಗು ಜಗತ್ತು ಸುತ್ತಲು ಹೊರಟಿವೆ. ಅದರ ನಾಯಕ ಲೂಯಿ ಆಂಟ್ವಾನ್ ದ ಬೂಗನ್‌ವಿಲ್. ಜೊತೆಗೆ ಸಸ್ಯವಿಜ್ಞಾನಿ ಫಿಲಿಬೇರ್ ಕೊಮರ್ಸೋನ್, ಮತ್ತು ಅವನ ಸಹಾಯಕ, ಒಬ್ಬ ಹುಡುಗ. ಆ 'ಹುಡುಗ' ನಿಜಕ್ಕೂ 26ರ ಹರೆಯದ ಹೆಣ್ಣುಮಗಳು, ಝಾನ್ ಬಾರೆ. ಬಡ ಕುಟುಂಬದವಳು, ಕೊಮರ್ಸೋನ್ ಮನೆ ನೋಡಿಕೊಳ್ಳುತ್ತಿದ್ದವಳು, ಅವನ ಸಂಗಾತಿ. ಫ್ರೆಂಚ್ ನೌಕಾಪಡೆಯ ಹಡಗಿನಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ. ಅದಕ್ಕೇ ಗಂಡಿನ ವೇಷ.

ಬ್ರೆಜಿಲ್‌ನ ರಿಯೊದಲ್ಲಿ ಈ ಹೂವು ಅವರ ಕೈಗೆ ಸಿಕ್ಕಿತು. ಕೊಮರ್ಸೋನ್‌ಗೆ ಕಾಲಿನ ಹುಣ್ಣು ಕಾಡುತ್ತಿತ್ತು. ಹಾಗಾಗಿ ಗಿಡ ಹುಡುಕಿ ತಂದವಳು ಝಾನ್ ಇರಬಹುದು ಅಂತ ಕೆಲ ಇತಿಹಾಸಕಾರರು ಊಹಿಸುತ್ತಾರೆ. ಇದು ಊಹೆ, ಪುರಾವೆ ಅಲ್ಲ. ಆದ್ರ ಆಕೆ ಬಂದೂಕು, ಊಟ, ಗಿಡದ ಕಟ್ಟು ಎಲ್ಲಾ ಹೊತ್ತು ಹಿಮದ ಗುಡ್ಡ ಹತ್ತುತ್ತಿದ್ದಳು ಅಂತ ಬೂಗನ್‌ವಿಲ್ ತಾನೇ ಬರೆದಿಟ್ಟಿದ್ದಾನೆ.

ನಾನು ಬಿ.ಕಾಂ. ಓದಿದ ಮನುಷ್ಯ, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ದುಡಿಮೆ ಒಬ್ಬರದು, ಕ್ರೆಡಿಟ್ ಎಂಟ್ರಿ ಬಿದ್ದಿದ್ದು ಇನ್ನೊಬ್ಬರ ಖಾತೆಗೆ. 1789ರಲ್ಲಿ ಜ್ಯೂಸ್ಯೂ ಎಂಬ ವಿಜ್ಞಾನಿ ಈ ಗಿಡದ ಹೆಸರನ್ನು ಪುಸ್ತಕಕ್ಕೆ ಏರಿಸಿದಾಗ ಉಳಿದದ್ದು ನಾಯಕನ ಹೆಸರು. ಕೊಮರ್ಸೋನ್ ಬೇರೊಂದು ಗಿಡಕ್ಕೆ ಝಾನ್ ಹೆಸರಿಟ್ಟಿದ್ದ. ಅವನು 1773ರಲ್ಲಿ ಮಾರಿಷಸ್‌ನಲ್ಲಿ ತೀರಿಕೊಂಡ, ಆ ಹೆಸರೂ ನಿಲ್ಲಲಿಲ್ಲ. ಝಾನ್ ಅಲ್ಲೇ ಹೋಟೆಲು ನಡೆಸಿ, ಮದುವೆಯಾಗಿ, 1775ರ ಸುಮಾರಿಗೆ ಫ್ರಾನ್ಸಿಗೆ ಮರಳಿದಳು. ಜಗತ್ತು ಸುತ್ತಿದ ಮೊದಲ ಹೆಣ್ಣುಮಗಳು ಅಂತ ಇವತ್ತು ಆಕೆಯನ್ನು ಗುರುತಿಸ್ತಾರೆ. 2012ರಲ್ಲಿ ದಕ್ಷಿಣ ಅಮೆರಿಕದ ಒಂದು ಗಿಡಕ್ಕೆ ಕೊನೆಗೂ ಆಕೆಯ ಹೆಸರು ಬಂತು. ಯಾವ ಕುಲ ಗೊತ್ತಾ? ನಮ್ಮ ಎಣಗಾಯಿ ಬದನಿಕಾಯಿದು!

ಹೂವಿನ ದಾರಿ ಮಾತ್ರ ನಿಲ್ಲಲಿಲ್ಲ. ಯುರೋಪಿನ ಗಾಜಿನ ಮನೆಗಳನ್ನು ದಾಟಿ 1860ರ ಸುಮಾರಿಗೆ ಕೋಲ್ಕತ್ತಾಗೆ ಬಂತು. ಆಮೇಲೆ ನಮ್ಮವರೇ ಹೊಸ ತಳಿ ಬೆಳೆಸಿದರು. ಇವತ್ತು ಜಗತ್ತಿನಲ್ಲಿ ಎಲ್ಲೇ ಹೊಸ ಬೋಗನ್‌ವಿಲ್ಲಾ ತಳಿ ಹುಟ್ಟಿದರೂ ಅದರ ಹೆಸರು ನೋಂದಾಯಿಸುವ ಅಂತರರಾಷ್ಟ್ರೀಯ ಹೊಣೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದು.

ಇನ್ನೊಂದು ಮಜಾ ಕೇಳ್ರಿ. ನಾವು ಹೂವು ಅನ್ನೋದು ಹೂವೇ ಅಲ್ಲ, ಬಣ್ಣ ಬಂದ ಎಲೆ. ಮೂರು ಎಲೆ ನಡುವೆ ಸಣ್ಣ ಬಿಳಿ ಕೊಳವಿ ಇರ್ತದಲ್ಲ, ಅದೇ ಅಸಲಿ ಹೂವು. ಇಲ್ಲೂ ಮೆರೆಯೋರು ಒಬ್ಬರು, ಕೆಲಸ ಮಾಡೋರು ಇನ್ನೊಬ್ಬರು!

ಮನೆಯಲ್ಲಿ ಹಚ್ಚಬೇಕಾ? ಪೆನ್ಸಿಲ್ ದಪ್ಪದ ಬಲಿತ ಕಡ್ಡಿ ಸಾಕು. ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೇಕು. ಬೇರು ಹಿಡಿಯುವ ತನಕ ನೀರು ಕೊಡ್ರಿ, ಆಮೇಲೆ ಕೈ ಬಿಗಿ ಹಿಡೀರಿ. ನೀರು, ಗೊಬ್ಬರ ಜಾಸ್ತಿಯಾದ್ರ ಬರೀ ಎಲೆ ಬರ್ತದ. ಸ್ವಲ್ಪ ಬಾಯಾರಿದಾಗಲೇ ಅದು ಬಣ್ಣ ತೋರಿಸೋದು. ನಮ್ಮ ಎರೆ ಮಣ್ಣು ಮಳೆಗಾಲದಾಗ ನೀರು ಹಿಡಿದಿಡ್ತದ. ಅದಕ್ಕೆ ಮರಳು ಕಲಸಿ, ಎತ್ತರದ ಜಾಗದಾಗ ಹಚ್ರಿ. ಹೂವಿನ ಸುಗ್ಗಿ ಮುಗಿದ ಮ್ಯಾಲ ಕತ್ತರಿ ಆಡಿಸ್ರಿ. ಮುಳ್ಳು ಇರ್ತದ, ಜೋಕೆ.

ಬರ ಅಂದ್ರ ಸೋಲು ಅಂತ ತಿಳಿದ ಸೀಮೆ ನಮ್ಮದು. ಆ ಬರದಾಗೇ ಅರಳೋ ಗಿಡಕ್ಕೆ ಒಬ್ಬ ನಾಯಕನ ಹೆಸರಿದೆ, ಹೊರೆ ಹೊತ್ತವಳದ್ದಿಲ್ಲ. ನಮ್ಮ ಓಣಿಗಳಲ್ಲೂ ಹಂಗೇ. ಈ ಕಡ್ಡಿ ಮನೆಯಿಂದ ಮನೆಗೆ ದಾಟಿದ್ದು ಹೆಚ್ಚಾಗಿ ಅವ್ವ, ಅತ್ತಿ, ಬಾಜೂ ಮನಿ ಕಾಕುಗಳ ಕೈಯಿಂದ. ಅದನ್ನ ಯಾವ ಪುಸ್ತಕವೂ ಬರೆದಿಟ್ಟಿಲ್ಲ.

ನಿಮ್ಮ ಮನಿ ಮುಂದ ಈ ಗಿಡ ಇದ್ರ ಇವತ್ತೇ ಕೇಳ್ರಿ, 'ಇದರ ಕಡ್ಡಿ ಯಾರು ಕೊಟ್ಟಿದ್ದು?' ಹೆಸರು ಸಿಕ್ರ ಒಂದು ಚೀಟಿ ಬರೆದು ಗಿಡಕ್ಕೆ ಕಟ್ರಿ. ಎಂಟ್ರಿ ಸರಿಯಾಗಲಿ.